ಬೇಡದ ನೀರಿಗೆ ರಬ್ಬರಿನ ಬಾಗಿಲು

ನಮ್ಮ ಚಳ್ಳಕೆರೆ ಕಡೆ ಬೋರ್‌ವೆಲ್ ಕೊರೆಸಿದವರನ್ನು ಊರವರು ಕೇಳುವ ಮೊದಲ ಪ್ರಶ್ನೆ, ‘ನೀರು ಬಂತಾ?’. ಮುಂಬೈ ಸಮುದ್ರದ ಎಣ್ಣೆಬಾವಿಗಳಲ್ಲಿ ಕೆಲಸ ಮಾಡುವ ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಮೊದಲ ಪ್ರಶ್ನೆಯೂ ಅದೇ. ಅಲ್ಲಿ ‘ಬಂತು’ ಅಂದರೆ ಗಂಗೆಪೂಜೆ. ಇಲ್ಲಿ ‘ಬಂತು’ ಅಂದರೆ ಮೀಟಿಂಗ್.

ಶೇಂಗಾ ಎಣ್ಣೆ ಮಿಲ್ಲುಗಳಿಂದ ‘ಎಣ್ಣೆ ನಗರ’ ಅನ್ನಿಸಿಕೊಂಡ ಊರಿನವನು ನೆಲದೊಳಗಿನ ಎಣ್ಣೆ ತೆಗೆಯುವ ಕೆಲಸಕ್ಕೆ ಬಂದಿದ್ದಾನೆ ಎಂದು ಗೆಳೆಯರು ತಮಾಷೆ ಮಾಡುತ್ತಾರೆ. ಆದರೆ ‘ಎಣ್ಣೆ ಕಂಪನಿಯಲ್ಲಿ ನೀನು ಮಾಡುವ ಕೆಲಸವೇನು?’ ಎಂದು ಕೇಳಿದವರಿಗೆ ನನ್ನ ಉತ್ತರ ಕೊಂಚ ವಿಚಿತ್ರವಾಗಿಯೇ ಕೇಳಿಸುತ್ತದೆ. ನಾನು ನೀರು ತಡೆಯುವವನು. ತಡೆಯಲು ಬಳಸುವ ಸಾಧನಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದು ತುಂಡು ರಬ್ಬರ್. ಈ ಬರಹ ಅದರ ಬಗ್ಗೆ.

ನೀರು ಬರುವುದು ಎಲ್ಲಿಂದ?

ಭೂಮಿಯ ಅಡಿಯಲ್ಲಿ ಎಣ್ಣೆಯ ಕೆರೆ ಇದೆ, ಅದಕ್ಕೆ ಕೊಳವೆ ಹಾಕಿ ಹೀರುತ್ತಾರೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಹಸಿ ಇಟ್ಟಿಗೆ ನೀರು ಹೀರಿಕೊಂಡಿರುತ್ತದಲ್ಲ, ಹಾಗೆ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ಕೂತಿರುತ್ತದೆ. 1974ರ ಫೆಬ್ರುವರಿಯಲ್ಲಿ ‘ಸಾಗರ್ ಸಮ್ರಾಟ್’ ರಿಗ್ ಕೊರೆದಾಗ ಸಿಕ್ಕ ಬಾಂಬೆ ಹೈ, ಅಂದರೆ ಇಂದಿನ ಮುಂಬೈ ಹೈ, ಮುಖ್ಯವಾಗಿ ಸುಣ್ಣದಕಲ್ಲಿನ ಪದರಗಳ ನಿಕ್ಷೇಪ. ಮುಂಬೈ ತೀರದಿಂದ ಸುಮಾರು 160 ಕಿಲೋಮೀಟರ್ ದೂರ. 1976ರ ಮೇ ತಿಂಗಳಿನಿಂದ ಅಲ್ಲಿ ಎಣ್ಣೆ ತೆಗೆಯಲಾಗುತ್ತಿದೆ. ಅಂದರೆ ಹೊಲಕ್ಕೆ ಈಗ ಅರ್ಧ ಶತಮಾನದ ವಯಸ್ಸು.

ಎಣ್ಣೆ ಇರುವ ಕಲ್ಲಿನ ಕೆಳಗೆ ಸಾಮಾನ್ಯವಾಗಿ ನೀರು ತುಂಬಿದ ಕಲ್ಲೂ ಇರುತ್ತದೆ. ನೀರು ಭಾರ, ಎಣ್ಣೆ ಹಗುರ. ಹಾಗಾಗಿ ಎಣ್ಣೆ ಮೇಲೆ, ನೀರು ಕೆಳಗೆ. ನಾವು ಮೇಲಿನಿಂದ ಎಣ್ಣೆ ಎಳೆಯುತ್ತ ಹೋದಂತೆ ಒತ್ತಡ ತಗ್ಗಿ, ಕೆಳಗಿನ ನೀರು ನಿಧಾನವಾಗಿ ಮೇಲೇರುತ್ತದೆ. ಇದು ಒಂದು ದಾರಿ. ಇನ್ನೊಂದು ದಾರಿ ನಾವೇ ಮಾಡಿಕೊಟ್ಟದ್ದು. ಒತ್ತಡ ಪೂರ್ತಿ ಕುಸಿಯಬಾರದೆಂದು ಬೇರೆ ಬಾವಿಗಳ ಮೂಲಕ ಸಮುದ್ರದ ನೀರನ್ನು ಶುದ್ಧಮಾಡಿ ಕಲ್ಲಿನೊಳಕ್ಕೆ ತಳ್ಳುತ್ತೇವೆ. ಮುಂಬೈ ಹೈನಲ್ಲಿ ಈ ಕೆಲಸ 1984ರಿಂದ ನಡೆದಿದೆ. ಆ ನೀರು ಎಣ್ಣೆಯನ್ನು ಮುಂದೆ ದೂಡಿಕೊಂಡು ಬರಬೇಕು. ಆದರೆ ಸುಣ್ಣದಕಲ್ಲಿನಲ್ಲಿ ಎಲ್ಲೋ ಒಂದು ಬಿರುಕು, ಎಲ್ಲೋ ಒಂದು ಪೊಳ್ಳು ಸಿಕ್ಕಿತೋ, ನೀರು ಎಣ್ಣೆಯನ್ನು ಹಿಂದೆ ಬಿಟ್ಟು ಓಡಿ ಬಂದುಬಿಡುತ್ತದೆ. ನಾವೇ ಕರೆದ ನೆಂಟ, ಊಟಕ್ಕೆ ಎಲ್ಲರಿಗಿಂತ ಮೊದಲು ಹಾಜರ್!

ಜಗತ್ತಿನ ಬಾವಿಗಳನ್ನೆಲ್ಲ ಸೇರಿಸಿದರೆ ಒಂದು ಬ್ಯಾರೆಲ್ ಎಣ್ಣೆಯ ಜೊತೆ ಸರಾಸರಿ ಮೂರು ಬ್ಯಾರೆಲ್ ನೀರು ಮೇಲೆ ಬರುತ್ತದೆ ಎಂಬುದು ನಮ್ಮ ಉದ್ಯಮದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಹಳೆಯ ಬಾವಿಗಳಲ್ಲಿ ನೂರು ಬ್ಯಾರೆಲ್‌ಗೆ ತೊಂಬತ್ತು ನೀರೇ ಇರುವುದೂ ಅಪರೂಪವಲ್ಲ.

ಬಂದರೆ ಬರಲಿ ಬಿಡಿ ಅನ್ನುವಂತಿಲ್ಲ

ನೀರು ಬಂದರೆ ಬೇರ್ಪಡಿಸಿ ಚೆಲ್ಲಿದರಾಯಿತು, ಅದಕ್ಕೇಕೆ ಇಷ್ಟು ತಲೆಬಿಸಿ ಎಂದು ನೀವು ಕೇಳಬಹುದು. ಮೂರು ತೊಂದರೆಗಳಿವೆ.

ಮೊದಲನೆಯದು ಭಾರ. ಸಾವಿರ ಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ಕಿಲೋ ಒತ್ತಡ ಹಾಕುತ್ತದೆ. ಅಷ್ಟೇ ಎತ್ತರದ ಹಗುರ ಎಣ್ಣೆಯ ಕಂಬ ಹಾಕುವುದು ಹೆಚ್ಚುಕಡಿಮೆ 83 ಕಿಲೋ. ಬಾವಿಯ ಕೊಳವೆಯಲ್ಲಿ ನೀರು ಹೆಚ್ಚಿದಷ್ಟೂ ನೆಲದ ಒತ್ತಡಕ್ಕೆ ಅದನ್ನು ಎತ್ತಲು ಕಷ್ಟ. ಗ್ಯಾಸ್ ಊದಿ ಕಂಬವನ್ನು ಹಗುರ ಮಾಡಿ ಎತ್ತುತ್ತೇವೆ. ಅದಕ್ಕೂ ಒಂದು ಮಿತಿ ಇದೆ. ಕೊನೆಗೊಂದು ದಿನ ಬಾವಿ ತನ್ನದೇ ನೀರಿನ ಭಾರಕ್ಕೆ ಉಸಿರು ನಿಲ್ಲಿಸುತ್ತದೆ. ಸುತ್ತಲ ಕಲ್ಲಿನಲ್ಲಿ ಎಣ್ಣೆ ಇನ್ನೂ ಇರುತ್ತದೆ.

ಎರಡನೆಯದು ಜಾಗ. ಸಮುದ್ರದ ಪ್ಲಾಟ್‌ಫಾರ್ಮ್ ಎಂದರೆ ಕಬ್ಬಿಣದ ಕಾಲುಗಳ ಮೇಲೆ ನಿಂತ ಅಟ್ಟ. ಎಣ್ಣೆ, ಗ್ಯಾಸ್, ನೀರು ಬೇರ್ಪಡಿಸುವ ಪಾತ್ರೆಗಳ ಗಾತ್ರ ಕಟ್ಟಿದ ದಿನವೇ ತೀರ್ಮಾನವಾಗಿರುತ್ತದೆ. ಒಂದು ಬಾವಿಯ ನೀರು ಆ ಪಾತ್ರೆಯನ್ನು ತುಂಬಿಕೊಂಡರೆ ಪಕ್ಕದ ಒಳ್ಳೆಯ ಬಾವಿಯ ಎಣ್ಣೆಗೆ ಜಾಗವಿಲ್ಲ. ಬರುವ ನೀರನ್ನು ಹಾಗೇ ಸಮುದ್ರಕ್ಕೆ ಬಿಡುವಂತೆಯೂ ಇಲ್ಲ. ಅದರಲ್ಲಿನ ಎಣ್ಣೆಯ ಅಂಶವನ್ನು ನಿಗದಿತ ಮಟ್ಟಕ್ಕೆ ಇಳಿಸಿಯೇ ಬಿಡಬೇಕು.

ಮೂರನೆಯದು ತುಕ್ಕು ಮತ್ತು ಗಟ್ಟಿ ಪಾಚಿ. ಬೋರ್‌ವೆಲ್ ನೀರು ಕಾಯಿಸಿದ ಗೀಸರ್ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ? ಎಣ್ಣೆಬಾವಿಯ ಕೊಳವೆಗಳಲ್ಲೂ ಅದೇ ಕಥೆ, ಇನ್ನೂ ದೊಡ್ಡ ಪ್ರಮಾಣದಲ್ಲಿ.

ಈಗ ಒಂದು ಸಣ್ಣ ಲೆಕ್ಕ. ದಿನಕ್ಕೆ ಸಾವಿರ ಬ್ಯಾರೆಲ್ ದ್ರವ ಕೊಡುವ ಬಾವಿ ಇದೆ ಎಂದುಕೊಳ್ಳಿ. ಅದರಲ್ಲಿ 900 ನೀರು, 100 ಎಣ್ಣೆ. ಒಟ್ಟು ದ್ರವ ಅಷ್ಟೇ ಇದ್ದು ನೀರು 800ಕ್ಕೆ ಇಳಿದರೆ ಎಣ್ಣೆ 200 ಆಗುತ್ತದೆ. ನೀರಿನಲ್ಲಿ ಕಡಿಮೆಯಾದದ್ದು ಒಂಬತ್ತರಲ್ಲಿ ಒಂದು ಪಾಲು, ಎಣ್ಣೆ ಮಾತ್ರ ಇಮ್ಮಡಿ. ನಮ್ಮ ದೇಶ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಹೊಸ ನಿಕ್ಷೇಪ ಸಿಕ್ಕರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಹಳೆಯ ಬಾವಿಯಲ್ಲಿ ನೀರು ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಎಣ್ಣೆ ಅಲ್ಲಿಂದಲೂ ಬರುತ್ತದೆ, ಅದೂ ಈಗಾಗಲೇ ಕಟ್ಟಿರುವ ಪ್ಲಾಟ್‌ಫಾರ್ಮ್‌ನಿಂದಲೇ.

ಗಾಡಿಯ ಚಕ್ರ ಕಲಿಸಿದ ಪಾಠ

ಬೇಸಿಗೆಯಲ್ಲಿ ಎತ್ತಿನಗಾಡಿಯ ಚಕ್ರದ ಮರ ಒಣಗಿ, ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ. ಆಗ ರೈತರು ಚಕ್ರವನ್ನು ಬಿಚ್ಚಿ ಕೆರೆಯಲ್ಲಿ ಮುಳುಗಿಸಿ ಇಡುತ್ತಿದ್ದರು. ಗುದ್ದಲಿಯ ಕಾವು ಸಡಿಲವಾದರೂ ಅಷ್ಟೇ, ರಾತ್ರಿಯಿಡೀ ಬಾನಿಯಲ್ಲಿ ನೆನೆಹಾಕುವುದು. ಮೊಳೆ ಬೇಡ, ಸುತ್ತಿಗೆ ಬೇಡ. ಮರ ನೀರು ಕುಡಿದು ಉಬ್ಬಿ ತಾನೇ ಬಿಗಿಯಾಗುತ್ತದೆ.

ಉಬ್ಬುವ ರಬ್ಬರ್ ಪ್ಯಾಕರ್‌ನ ತತ್ವವೂ ಇಷ್ಟೇ. ಉಕ್ಕಿನ ಕೊಳವೆಯ ಹೊರಮೈಗೆ ದಪ್ಪನೆಯ ರಬ್ಬರ್ ತೋಳನ್ನು ಬೆಸೆದಿರುತ್ತಾರೆ. ಕೊಳವೆಯ ಜೊತೆ ಅದೂ ಬಾವಿಗೆ ಇಳಿಯುತ್ತದೆ. ಅಲ್ಲಿನ ದ್ರವ ಕುಡಿದು ದಿನಗಟ್ಟಲೆ ನಿಧಾನವಾಗಿ ಉಬ್ಬಿ, ಕಲ್ಲಿನ ಗೋಡೆಗೆ ಒತ್ತಿಕೊಂಡು ಕೊಳವೆಗೂ ಕಲ್ಲಿಗೂ ನಡುವಿನ ಸಂದನ್ನು ಮುಚ್ಚುತ್ತದೆ. ಹಳೆಯ ಮಾದರಿಯ ಪ್ಯಾಕರ್‌ಗಳನ್ನು ಕೂರಿಸಲು ಮೇಲಿನಿಂದ ಪಂಪಿನ ಒತ್ತಡ ಕೊಡಬೇಕು, ಇಲ್ಲವೇ ಕೊಳವೆಯನ್ನು ತಿರುಗಿಸಿ ಎಳೆಯಬೇಕು. ಇದರಲ್ಲಿ ಅಲುಗಾಡುವ ಭಾಗವೇ ಇಲ್ಲ. ಗಲ್ಫ್‌ನ ಒಮಾನ್‌ನಲ್ಲಿ, ನೀರು ಅತಿಯಾಗಿ ಬರುವ ಹಳೆಯ ಹೊಲಗಳಲ್ಲಿ, ಈ ರಬ್ಬರನ್ನು ವ್ಯಾಪಕವಾಗಿ ಬಳಸಿದ್ದಾರೆ.

ರಬ್ಬರಿನಲ್ಲಿ ಎರಡು ಜಾತಿ. ಒಂದು ಎಣ್ಣೆಗೆ ಉಬ್ಬುವಂಥದ್ದು. ಸೀಮೆಎಣ್ಣೆ ತೆಗೆಯುವ ರಬ್ಬರ್ ಪೈಪ್ ಕೆಲವು ದಿನಗಳಲ್ಲಿ ಊದಿಕೊಂಡು ಮೆತ್ತಗಾಗುತ್ತಿದ್ದುದು ನೆನಪಿದ್ದರೆ, ಅದೇ ಇದು. ಎಣ್ಣೆಯ ಅಣುಗಳು ರಬ್ಬರಿನ ಹೆಣಿಗೆಯೊಳಗೆ ನುಗ್ಗಿ ಅದನ್ನು ಅಗಲಿಸುತ್ತವೆ. ಇನ್ನೊಂದು ನೀರಿಗೆ ಉಬ್ಬುವಂಥದ್ದು. ಇದರ ರಬ್ಬರಿನಲ್ಲಿ ನೀರನ್ನು ಸೆಳೆಯುವ ಕಣಗಳನ್ನು ಬೆರೆಸಿರುತ್ತಾರೆ. ಶಾಲೆಯಲ್ಲಿ ಓದಿದ ‘ಅಭಿಸರಣೆ’ಯ ನಿಯಮದಂತೆ ನೀರು ಒಳಗೆ ಹೋಗುತ್ತದೆ, ರಾತ್ರಿ ನೆನೆಸಿಟ್ಟ ಕಡಲೆ ಬೆಳಗ್ಗೆ ದಪ್ಪಗಾದಂತೆ.

ಆದರೆ ಉಪ್ಪುನೀರಾದರೆ? ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಹೋಳು ನೀರು ಕುಡಿಯುವುದಿಲ್ಲ, ಇದ್ದ ನೀರನ್ನೂ ಬಿಡುತ್ತದೆ. ಉಪ್ಪು ಹೊರಗಿದ್ದರೆ ಸೆಳೆತ ಹೊರಕ್ಕೆ. ಹಾಗಾಗಿ ಸಿಹಿನೀರಿನಲ್ಲಿ ಬೇಗ ಉಬ್ಬುವ ರಬ್ಬರ್ ಉಪ್ಪುನೀರಿನಲ್ಲಿ ನಿಧಾನವಾಗಿ, ಕಡಿಮೆ ಉಬ್ಬುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೆಲದೊಳಗಿನ ನೀರಿನ ಉಪ್ಪು ಹೊಲದಿಂದ ಹೊಲಕ್ಕೆ ಬೇರೆ. ಆದ್ದರಿಂದ ಕ್ಯಾಟಲಾಗ್ ನೋಡಿ ರಬ್ಬರ್ ಆರಿಸುವಂತಿಲ್ಲ. ಅದೇ ಬಾವಿಯ ನೀರು, ಅದೇ ಬಿಸಿ, ಒಂದು ಒಲೆ, ಒಂದು ತುಂಡು ರಬ್ಬರ್. ಪ್ರಯೋಗಾಲಯದಲ್ಲಿ ದಿನವೂ ಅಳೆದು ಬರೆದಿಡಬೇಕು.

ಕಾಲು ಇಂಚಿನ ಲೆಕ್ಕ

ಈ ರಬ್ಬರಿಗೆ ಎಷ್ಟು ಕೆಲಸ ಕೊಡಬಹುದು ಎಂಬುದಕ್ಕೆ ಒಂದು ಉದಾಹರಣೆ. ಬಾವಿಯ ವ್ಯಾಸ 8.5 ಇಂಚು, ಒಳಗಿನ ಉಕ್ಕಿನ ಕೊಳವೆ 5.5 ಇಂಚು, ರಬ್ಬರ್ ಸೇರಿ 8 ಇಂಚು ಎಂದುಕೊಳ್ಳಿ. ಸುತ್ತಲೂ ಉಳಿಯುವ ಸಂದು ಬರೀ ಕಾಲು ಇಂಚು. ಲೆಕ್ಕ ಹಾಕಿದರೆ ರಬ್ಬರ್ ತನ್ನ ಗಾತ್ರದ ಶೇ 24ರಷ್ಟು ಉಬ್ಬಿದರೆ ಗೋಡೆಯನ್ನು ಮುಟ್ಟುತ್ತದೆ. ಅದರ ಮೇಲೆ ಉಬ್ಬಿದ್ದೆಲ್ಲ ಗೋಡೆಯ ಮೇಲಿನ ಒತ್ತಡವಾಗುತ್ತದೆ.

ಆದರೆ ಕೊರೆಯುವಾಗ ಕಲ್ಲು ಉದುರಿ ಅದೇ ಜಾಗ 9.5 ಇಂಚು ಅಗಲವಾಗಿದ್ದರೆ? ಆಗ ಬರೀ ಮುಟ್ಟುವುದಕ್ಕೇ ಶೇ 78ರಷ್ಟು ಉಬ್ಬಬೇಕು. ಹೆಚ್ಚು ಉಬ್ಬಿದ ರಬ್ಬರ್ ಮೆತ್ತಗಾಗುತ್ತದೆ, ಹಿಡಿತ ಕಡಿಮೆ. ಒಂದು ಇಂಚಿನ ವ್ಯತ್ಯಾಸ ಇಡೀ ಕೆಲಸವನ್ನು ಕೆಡಿಸಬಲ್ಲದು. ಅದಕ್ಕೇ ಪ್ಯಾಕರ್ ಕೂರಿಸುವ ಮೊದಲು ಬಾವಿಯ ಉದ್ದಕ್ಕೂ ವ್ಯಾಸ ಅಳೆಯುವ ಉಪಕರಣ ಇಳಿಸಿ, ಗೋಡೆ ನಯವಾಗಿ ದುಂಡಗಿರುವ ಜಾಗ ಹುಡುಕುತ್ತೇವೆ. ಇಳಿಯುವ ದಾರಿಯಲ್ಲೇ ಉಬ್ಬಿದರೂ ಕಷ್ಟ, ನಡುವೆ ಸಿಕ್ಕಿಬಿದ್ದರೆ ಬಾವಿಯೇ ಕೈತಪ್ಪೀತು. ಅದಕ್ಕಾಗಿ ಉಬ್ಬುವುದನ್ನು ತಡಮಾಡುವ ಲೇಪನ ಕೊಡುತ್ತಾರೆ.

ಯಾವ ಬಾಗಿಲಿನಿಂದ ಬಂತು?

ಇಷ್ಟೆಲ್ಲ ಹೇಳಿದ ಮೇಲೆ, ಈ ರಬ್ಬರ್ ಎಲ್ಲ ಬಾವಿಗೂ ಮದ್ದಲ್ಲ ಎಂಬ ಮಾತನ್ನೂ ಹೇಳಬೇಕು.

ನೀರು ಒಂದು ಬಿರುಕಿನಿಂದ, ಅಥವಾ ತೂತಾದ ಕೇಸಿಂಗ್‌ನಿಂದ, ಅಂದರೆ ಇಂಥದ್ದೇ ಜಾಗ ಎಂದು ಬೆರಳಿಟ್ಟು ತೋರಿಸಬಹುದಾದ ಕಡೆಯಿಂದ ಬರುತ್ತಿದ್ದರೆ ರಬ್ಬರ್ ಕೆಲಸ ಮಾಡುತ್ತದೆ. ಆ ಜಾಗಕ್ಕೆ ತೂತಿಲ್ಲದ ಕೊಳವೆ, ಅದರ ಎರಡು ಬದಿಗೆ ಎರಡು ಪ್ಯಾಕರ್. ಬಾಗಿಲು ಬಂದ್. ಆದರೆ ಕೆಳಗಿನ ನೀರು ಶಂಕುವಿನ ಆಕಾರದಲ್ಲಿ ಕಲ್ಲಿನ ಮೈಯೊಳಗಿಂದಲೇ ಮೇಲೆದ್ದು ಬರುತ್ತಿದ್ದರೆ, ಒಂದು ಕಡೆ ಮುಚ್ಚಿದರೆ ಕಲ್ಲಿನೊಳಗೇ ಸುತ್ತಿಕೊಂಡು ಪಕ್ಕದಿಂದ ಬರುತ್ತದೆ. ಅಲ್ಲಿ ಬಾವಿಯನ್ನು ನಿಧಾನವಾಗಿ ಹರಿಸುವುದೋ, ಬೇರೆ ದಾರಿ ಕೊರೆಯುವುದೋ ಮಾಡಬೇಕು. ರಬ್ಬರಿಗೆ ಹಾಕಿದ ಹಣ ನೀರಿಗೆ ಹಾಕಿದ ಹಾಗೆ.

ಯಾವುದು ಎಂದು ತಿಳಿಯುವುದು ಹೇಗೆ? ಬಾವಿಯೊಳಗೆ ಹರಿವು, ಬಿಸಿ, ಸಾಂದ್ರತೆ ಅಳೆಯುವ ಉಪಕರಣ ಇಳಿಸುವುದು ಒಂದು ದಾರಿ. ಎಣ್ಣೆಗೆ ನೀರು ಎಷ್ಟು ಪಟ್ಟು ಎಂಬುದು ಕಾಲ ಕಳೆದಂತೆ ಹೇಗೆ ಏರಿತು ಎಂಬ ನಕ್ಷೆ ನೋಡುವುದು ಇನ್ನೊಂದು. ಚಾನ್ ಎಂಬ ಎಂಜಿನಿಯರ್ 1995ರಲ್ಲಿ ಪ್ರಕಟಿಸಿದ ವಿಧಾನ ಇದು. ಆ ಏರಿಕೆಯ ವೇಗ ಕ್ರಮೇಣ ತಗ್ಗುತ್ತಿದ್ದರೆ ಶಂಕು, ಹೆಚ್ಚುತ್ತ ಹೋದರೆ ಬಿರುಕಿನಂಥ ಸುಲಭದ ದಾರಿ ಎಂಬ ಸೂಚನೆ. ಇದೂ ನಾಡಿ ನೋಡಿದಂತೆ. ಒಂದೇ ಲಕ್ಷಣ ನಂಬಿ ಮದ್ದು ಕೊಡುವಂತಿಲ್ಲ.

ಹಾಗೆಂದು ನೀರೇ ವೈರಿ ಎಂದೂ ಹೇಳಲಾರೆ. ನಮ್ಮ ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಮತ್ತು ಮಂಗಳೂರಿನಲ್ಲಿ ದೇಶದ ತುರ್ತು ಬಳಕೆಗೆಂದು ಕಚ್ಚಾತೈಲವನ್ನು ನೆಲದಡಿಯ ಕಲ್ಲಿನ ಗವಿಗಳಲ್ಲಿ ಕೂಡಿಟ್ಟಿದ್ದಾರೆ. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಸಾಮರ್ಥ್ಯ. ಆ ಗವಿಗಳಿಗೆ ಉಕ್ಕಿನ ಒಳಪದರವಿಲ್ಲ. ಸುತ್ತಲ ಕಲ್ಲಿನಲ್ಲಿರುವ ನೀರಿನ ಒತ್ತಡವೇ ಎಣ್ಣೆ ಸೋರದಂತೆ ತಡೆದಿಡುತ್ತದೆ. ಅಲ್ಲಿ ನೀರು ಕಾವಲುಗಾರ. ಇಲ್ಲಿ ಮುಂಬೈ ಹೈನಲ್ಲೂ ಎಣ್ಣೆಯನ್ನು ದೂಡುವ ಶಕ್ತಿ ನೀರಿನದೇ. ನಾವು ಮುಚ್ಚಬೇಕಾದದ್ದು ಎಣ್ಣೆಯನ್ನು ತರದೆ ಬರಿಗೈಯಲ್ಲಿ ಬರುವ ನೀರಿನ ದಾರಿಯನ್ನು ಮಾತ್ರ.

ಮುಚ್ಚುವ ಪಟ್ಟಿಯಲ್ಲಿದ್ದ ಒಂದು ಬಾವಿ

ಕೆಲವು ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಒಂದು ಹಳೆಯ ಬಾವಿ ಬಂತು. ನೀರು ಹೆಚ್ಚಾಗಿ, ಮುಚ್ಚಬೇಕಾದ ಬಾವಿಗಳ ಪಟ್ಟಿಯಲ್ಲಿ ಹೆಸರಿತ್ತು. ಹಳೆಯ ಕೇಸಿಂಗ್‌ನ ಪಕ್ಕದಿಂದ ಕಿಟಕಿ ಕೊರೆದು, ಎಣ್ಣೆಯ ಪದರದೊಳಗೆ ಹೊಸದಾಗಿ ಅಡ್ಡ ಬಾವಿ ತೆಗೆಯುವುದು ಕೊನೆಯ ಪ್ರಯತ್ನ. ಅದೂ ಕೈಕೊಟ್ಟರೆ ಸಿಮೆಂಟ್ ಹಾಕಿ ಶಾಶ್ವತವಾಗಿ ಮುಚ್ಚುವುದು.

ಅಡ್ಡ ಕೊರೆಯುವಾಗ ಒಂದು ಜಾಗದಲ್ಲಿ ಕೊರೆಯುವ ಕೆಸರುದ್ರವ ಇದ್ದಕ್ಕಿದ್ದಂತೆ ಕಲ್ಲಿನೊಳಗೆ ಇಳಿದುಹೋಯಿತು. ಅಲ್ಲಿ ಬಿರುಕಿದೆ ಎಂಬುದಕ್ಕೆ ಅದೇ ಗುರುತು. ಇಂದು ಕೆಸರು ಹೊರಹೋದ ದಾರಿಯಲ್ಲೇ ನಾಳೆ ನೀರು ಒಳಬರುತ್ತದೆ. ಮೀಟಿಂಗ್‌ನಲ್ಲಿ ಎರಡು ಅಭಿಪ್ರಾಯ. ಬಿರುಕಿನವರೆಗೆ ಮಾತ್ರ ಬಾವಿ ಉಳಿಸಿಕೊಂಡು ಅದರಾಚೆಯ ಭಾಗವನ್ನು ಬಿಟ್ಟುಬಿಡೋಣ ಎಂದರು ಕೆಲವರು. ಆಚೆ ಭಾಗದ ಕಲ್ಲು ಚೆನ್ನಾಗಿತ್ತು, ಅಲ್ಲಿ ಎಣ್ಣೆ ಇತ್ತು. ಬಿರುಕಿಗೆ ತೂತಿಲ್ಲದ ಕೊಳವೆ ಕೊಟ್ಟು ಎರಡು ಬದಿಗೆ ಉಬ್ಬುವ ಪ್ಯಾಕರ್ ಹಾಕೋಣ, ಎರಡು ಕಡೆಯ ಎಣ್ಣೆಯನ್ನೂ ಉಳಿಸಿಕೊಳ್ಳೋಣ ಎಂದದ್ದು ನಾವು. ಬಿರುಕಿನ ಸುತ್ತ ನೀರೇ ಇರುವುದರಿಂದ ನೀರಿಗೆ ಉಬ್ಬುವ ಜಾತಿಯನ್ನೇ ಆರಿಸಿದೆವು. ಎಣ್ಣೆ ತಲುಪದ ಜಾಗದಲ್ಲಿ ಎಣ್ಣೆಗೆ ಉಬ್ಬುವ ರಬ್ಬರ್ ಉಪವಾಸ ಕೂತುಬಿಡುತ್ತದೆ. ನೀರಿನ ರಬ್ಬರಿಗೆ ಹಾಗಲ್ಲ, ನುಗ್ಗಿ ಬಂದ ನೀರೇ ಅದರ ಊಟ. ಹೆಚ್ಚು ಬಂದಷ್ಟೂ ಬಾಗಿಲು ಬಿಗಿ.

ಕೊಳವೆ ಇಳಿಸಿ, ಬಾವಿಯಲ್ಲಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಉಪ್ಪುನೀರನ್ನೇ ತುಂಬಿ, ರಿಗ್ ಹೊರಟುಹೋಯಿತು. ರಬ್ಬರ್ ಉಬ್ಬಲು ರಿಗ್ ಕಾಯಬೇಕಿಲ್ಲ, ದುಬಾರಿ ಬಾಡಿಗೆ ಉಳಿಯುತ್ತದೆ. ಆದರೆ ಮನುಷ್ಯರು ಕಾಯಬೇಕು. ಒಲೆಯಲ್ಲಿಟ್ಟ ತುಂಡಿನ ಲೆಕ್ಕದ ಪ್ರಕಾರ ಎರಡು ವಾರ ದಾಟಬೇಕಿತ್ತು. ಐದನೇ ದಿನದಿಂದಲೇ ಫೋನ್ ಶುರು: ‘ತೆರೆಯೋಣವೇ? ಉತ್ಪಾದನೆ ನಿಂತಿದೆ.’ ಆ ಕೇಳಿಕೆಯಲ್ಲೂ ತಪ್ಪಿಲ್ಲ. ನಿಂತ ಬಾವಿಯ ಒಂದೊಂದು ದಿನಕ್ಕೂ ಲೆಕ್ಕ ಕೊಡಬೇಕಾದವರು ಅವರು. ಆದರೆ ಅರ್ಧ ಉಬ್ಬಿದ ರಬ್ಬರಿನ ಪಕ್ಕದಿಂದ ನೀರು ಜೋರಾಗಿ ಹರಿದರೆ ಮೈ ಸವೆದು ಹೋಗುತ್ತದೆ, ಮತ್ತೆ ಬಾಗಿಲು ಕೂರುವುದಿಲ್ಲ. ನಾನು ಒಲೆಯ ಅಳತೆಯ ಪಟ್ಟಿಯನ್ನು ದಿನವೂ ಎಲ್ಲರಿಗೂ ಕಳಿಸುತ್ತಿದ್ದೆ. ವಾದ ಮಾಡುವುದಕ್ಕಿಂತ ಅಂಕಿ ತೋರಿಸುವುದು ಸುಲಭ. ಹದಿನಾರನೇ ದಿನ ಕವಾಟವನ್ನು ಸ್ವಲ್ಪವೇ ತೆರೆದೆವು.

ಬಾವಿಯ ಮಾದರಿಯನ್ನು ಗಾಜಿನ ಕೊಳವೆಯಲ್ಲಿ ಹಾಕಿ ಗಿರ್ರನೆ ತಿರುಗಿಸಿದರೆ ನೀರು ಕೆಳಗೆ, ಎಣ್ಣೆ ಮೇಲೆ ನಿಲ್ಲುತ್ತದೆ. ನಡುವಿನ ಗೆರೆ ಎಲ್ಲಿದೆ ಎಂಬುದೇ ನಮ್ಮ ಪರೀಕ್ಷೆಯ ಫಲಿತಾಂಶ. ಮೊದಲ ದಿನಗಳಲ್ಲಿ ಬಾವಿಯಲ್ಲಿ ನಾವೇ ತುಂಬಿದ ಉಪ್ಪುನೀರು ಬಂತು, ಅದರ ಲೆಕ್ಕ ಹಿಡಿಯುವಂತಿಲ್ಲ. ಆಮೇಲೆ ಗೆರೆ ಇಳಿಯತೊಡಗಿತು. ನೀರು ಸೊನ್ನೆಯಾಗಲಿಲ್ಲ, ಆಗುವುದೂ ಇಲ್ಲ. ಆದರೆ ಬಾವಿ ಮುಚ್ಚುವ ಪಟ್ಟಿಯಿಂದ ಹೊರಬಂತು. ಬಿರುಕಿನ ಆಚೆಯ ಎಣ್ಣೆಯೂ ಬಂತು. ಒಂದು ವರ್ಷ ಕಳೆದ ಮೇಲೆ ನೀರು ಮತ್ತೆ ನಿಧಾನವಾಗಿ ಏರತೊಡಗಿತು. ಈ ಸಲದ ನಕ್ಷೆ ಹೇಳಿದ್ದು ಬಿರುಕಿನ ಕಥೆಯಲ್ಲ, ಕೆಳಗಿನಿಂದ ಏಳುವ ಶಂಕುವಿನದು. ಆ ನೀರಿಗೆ ರಬ್ಬರ್ ಉತ್ತರವಲ್ಲ ಎಂದು ನಾವೇ ಬರೆದುಕೊಟ್ಟೆವು. ಹರಿವು ತಗ್ಗಿಸಿದರು, ಬಾವಿ ನಿಧಾನವಾಗಿ ನಡೆಯುತ್ತಿದೆ.

ಜುಹುವಿನಿಂದ ಹೆಲಿಕಾಪ್ಟರ್‌ನಲ್ಲಿ ಹೋಗಿ ಹದಿನಾಲ್ಕು ದಿನ ಸಮುದ್ರದ ಮೇಲೆ, ಹದಿನಾಲ್ಕು ದಿನ ಮನೆಯಲ್ಲಿ ಎಂಬ ಈ ಬದುಕಿಗೆ ಈಗ ನಮ್ಮ ಕಡೆಯ ಹುಡುಗ ಹುಡುಗಿಯರೂ ಬರುತ್ತಿದ್ದಾರೆ. ಮೆಕ್ಯಾನಿಕಲ್, ಕೆಮಿಕಲ್, ಪಾಲಿಮರ್ ಓದಿದವರು ‘ಎಣ್ಣೆಯ ಕಾಲ ಮುಗಿಯಿತಂತೆ, ಇಲ್ಲಿ ನಮಗೆ ಕೆಲಸ ಉಳಿದಿದೆಯೇ?’ ಎಂದು ಕೇಳುತ್ತಾರೆ. ಹೊಸ ಬಾವಿಗಳು ಕಡಿಮೆಯಾದರೂ ಹಳೆಯ ಬಾವಿಗಳು ಇವೆ, ಪ್ರತಿ ವರ್ಷ ಅವುಗಳ ನೀರು ಹೆಚ್ಚುತ್ತಿದೆ. ಅವುಗಳಲ್ಲಿ ಉಳಿದ ಎಣ್ಣೆಯನ್ನು ತೆಗೆಯಲು ಕಲ್ಲು ತಿಳಿದವರು ಬೇಕು, ರಬ್ಬರ್ ತಿಳಿದವರು ಬೇಕು, ಮುಖ್ಯವಾಗಿ ಹದಿನಾರು ದಿನ ಕಾಯಲು ಬಲ್ಲವರು ಬೇಕು. ಬರುವವರು ಒಂದು ಸಣ್ಣ ಅಳತೆಪಟ್ಟಿ ಮತ್ತು ದಿನಚರಿ ತನ್ನಿ. ಒಲೆಯ ಪಕ್ಕದಲ್ಲಿ ಅವೆರಡೂ ಬೇಕಾಗುತ್ತವೆ.